ನಿಮ್ಮ ಮಗಳು ಬಲ್ಮಠಕ್ಕೆ ಹೊರಟರೆ

ಬ್ರಹ್ಮಾವರ

ಪ್ರೀತಿಯ ಮಿತ್ರರೇ,

ಬೈಂದೂರಿನಿಂದ ನೀವು ಬರೆದ ಪತ್ರ ಕೈಸೇರಿತು. ಮಗಳು ಪಿಯುಸಿ ಮುಗಿಸಿ ಮಂಗಳೂರಿನ ಬಲ್ಮಠದ ದೇವಶಾಸ್ತ್ರ ಕಾಲೇಜಿಗೆ ಹೋಗಿ ಬಿ.ಡಿ. ಪದವಿಗೆ ಓದುತ್ತೇನೆ ಎಂದು ಪಟ್ಟು ಹಿಡಿದಿದ್ದಾಳೆ. ನಿಮಗೂ ಅವಳ ತಾಯಿಗೂ ಹೂಂ ಅನ್ನಲು ಧೈರ್ಯ ಸಾಲುತ್ತಿಲ್ಲ, ಬೇಡ ಅನ್ನಲು ಮನಸ್ಸಿಲ್ಲ. ಐದು ವರ್ಷ ಅಲ್ಲಿ ಕಲಿಯುವಂಥದ್ದು ಏನಿದೆ, ಕಲಿತು ಬರುವ ಹೊತ್ತಿಗೆ ಇದ್ದ ನಂಬಿಕೆಯೂ ಸಡಿಲವಾಗಿಬಿಟ್ಟರೆ ಏನು ಗತಿ ಎಂದು ಕೇಳಿದ್ದೀರಿ. ನಾನು ಸಭಾಪಾಲನೆಯಲ್ಲಿ ಬಹಳ ಕಾಲ ಕಳೆದವನಾದ್ದರಿಂದ ನನ್ನ ಮಾತಿಗೆ ಬೆಲೆ ಕೊಟ್ಟು ಕೇಳಿದ್ದೀರಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದು ನಿಮ್ಮೊಬ್ಬರ ಭಯವಲ್ಲ, ನಮ್ಮ ಸಭೆಗಳ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಅವಳಿಗೆ ಮೊದಲ ವರ್ಷಗಳಲ್ಲೇ ಎದುರಾಗುವ ಒಂದು ಪುಟವಿದೆ. ನಿಮ್ಮ ಮನೆಯ ಸತ್ಯವೇದದಲ್ಲಿ ಮಾರ್ಕನ ಸುವಾರ್ತೆಯ ಕೊನೆಯ ಅಧ್ಯಾಯ ತೆಗೆಯಿರಿ. ವಾರದ ಮೊದಲ ದಿನ ಬೆಳಗಿನ ಜಾವ ಸುಗಂಧದ್ರವ್ಯ ಹಿಡಿದು ಸಮಾಧಿಗೆ ಹೋದ ಮೂವರು ಹೆಂಗಸರು, ಉರುಳಿಬಿದ್ದ ಕಲ್ಲು, ಒಳಗೆ ಬಿಳಿ ನಿಲುವಂಗಿ ತೊಟ್ಟು ಕೂತ ಯುವಕ. ಎಂಟನೆಯ ವಚನಕ್ಕೆ ಬರುವಾಗ ಆ ಹೆಂಗಸರು ನಡುಗುತ್ತ ಓಡಿಹೋಗುತ್ತಾರೆ, ಹೆದರಿ ಯಾರಿಗೂ ಏನನ್ನೂ ಹೇಳುವುದಿಲ್ಲ. ನಾಲ್ಕನೆಯ ಶತಮಾನದ ಎರಡು ಹೆಸರಾಂತ ಹಸ್ತಪ್ರತಿಗಳಲ್ಲಿ, ಸಿನಾಯ್ ಪ್ರತಿಯಲ್ಲೂ ವ್ಯಾಟಿಕನ್ ಪ್ರತಿಯಲ್ಲೂ, ಮಾರ್ಕನ ಸುವಾರ್ತೆ ಅಲ್ಲಿಗೇ ಮುಗಿಯುತ್ತದೆ. ಒಂಬತ್ತರಿಂದ ಇಪ್ಪತ್ತರವರೆಗಿನ ವಚನಗಳು ಅವುಗಳಲ್ಲಿ ಇಲ್ಲ.

ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಬೆಳೆದ ಹುಡುಗಿಗೆ ಇದನ್ನು ಕೇಳಿದ ದಿನ ದಿಗಿಲಾಗುತ್ತದೆ. ಆಗಲಿ. ಆ ದಿಗಿಲನ್ನು ದಾಟಿಸುವುದಕ್ಕೇ ಅಲ್ಲಿ ಗುರುಗಳಿರುವುದು. ಹಸ್ತಪ್ರತಿ ಎಂದರೇನು, ಕೈಯಿಂದ ಕೈಗೆ ನಕಲಾಗುತ್ತ ಬಂದ ಗ್ರಂಥದಲ್ಲಿ ಸಾಲುಗಳು ಹೇಗೆ ಸೇರುತ್ತವೆ, ಹಳೆಯ ಪಾಠ ಯಾವುದೆಂದು ನಿರ್ಧರಿಸುವುದು ಹೇಗೆ ಎಂದು ಅವರು ಹಂತಹಂತವಾಗಿ ತೋರಿಸಬೇಕು. ಆಮೇಲೆ ಅದೇ ಎಂಟು ವಚನಗಳನ್ನು ಮತ್ತೊಮ್ಮೆ, ಈ ಸಲ ನಿಧಾನವಾಗಿ ಓದಿಸಬೇಕು. ಪುನರುತ್ಥಾನದ ಸುದ್ದಿಯನ್ನು ಹೆದರಿದವರ ಕೈಗೆ ಕೊಟ್ಟು ಸುವಾರ್ತೆ ನಿಂತುಬಿಡುತ್ತದೆ ಎಂಬುದು ಅವಳಿಗೆ ಆಗ ಕಾಣಿಸುತ್ತದೆ. ಹಾಗೆ ಕಂಡವಳ ನಂಬಿಕೆ ತೆಳುವಾಗುವುದಿಲ್ಲ. ಇಂದು ಕುಂದಾಪುರದ ಯಾವ ಹುಡುಗನೂ ಮೊಬೈಲಿನಲ್ಲಿ ಈ ಅಡಿಟಿಪ್ಪಣಿ ಓದಿ, ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಲ್ಲಿಸಿ, "ಅಯ್ಯನವರೇ, ಇದ್ ಎಂತಕ್ ಹೀಂಗೆ?" ಎಂದು ಕೇಳಬಹುದು. ಅವನಿಗೆ ಗದರದೆ, ಮಾತು ತಪ್ಪಿಸದೆ ಉತ್ತರಿಸುವ ಸಭಾಪಾಲಕರು ಬೇಕು. ನಂಬಿಕೆಯಿಂದ ಯುವಕರು ದೂರ ಹೋಗುವುದು ಪ್ರಶ್ನೆಯಿಂದಲ್ಲ, ಪ್ರಶ್ನೆಗೆ ಸಿಗುವ ಗದರಿಕೆಯಿಂದ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಓದಿಗೆ ಗ್ರೀಕ್ ಬೇಕು, ಹೀಬ್ರೂ ಬೇಕು. ಅವಳು ಪಂಡಿತೆಯಾಗಬೇಕೆಂದಿಲ್ಲ. ನಿಘಂಟು ಹಿಡಿದು ಒಂದು ವಾಕ್ಯವನ್ನು ತಾನೇ ಬಿಡಿಸುವಷ್ಟು ಬಂದರೆ ಸಾಕು, ಬೇರೆಯವರ ವ್ಯಾಖ್ಯಾನವನ್ನು ಕಣ್ಣುಮುಚ್ಚಿ ನಂಬುವ ಕಷ್ಟ ತಪ್ಪುತ್ತದೆ. ಆದರೆ ಅದಕ್ಕಿಂತ ಒಂದು ತೂಕ ಹೆಚ್ಚು ಕನ್ನಡ ಬೇಕೆಂದು ನಾನು ಹಟದಿಂದ ಹೇಳುತ್ತೇನೆ. ಅವಳು ಹೋಗುವ ಜಾಗದ ಚರಿತ್ರೆಯೇ ಹಾಗಿದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಬಲ್ಮಠದಲ್ಲಿ ಸೆಮಿನರಿ ಆರಂಭವಾದದ್ದು 1847ರಲ್ಲಿ. ಅದಕ್ಕೆ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಎಂಬ ಹೆಸರು ಬಂದದ್ದು 1965ರಲ್ಲಿ. ಪದವಿ ಕೊಡುವುದು ಸೆರಾಂಪುರದ ಸೆನೆಟ್. ಸೆರಾಂಪುರ ಎಂದರೆ ಕೇರಿ, ಮಾರ್ಷ್‌ಮನ್, ವಾರ್ಡ್ ಮೂವರು 1818ರಲ್ಲಿ ಕಟ್ಟಿದ, 1827ರಲ್ಲಿ ಡೆನ್ಮಾರ್ಕಿನ ದೊರೆಯಿಂದ ಪದವಿ ಕೊಡುವ ಸನ್ನದು ಪಡೆದ ಕಾಲೇಜು. ಬಲ್ಮಠದ ಸೆಮಿನರಿಗೆ ಅಡಿಪಾಯ ಹಾಕಿದ ಹರ್ಮನ್ ಮೋಗ್ಲಿಂಗ್ ಅವರೇ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದವರು. ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಅಚ್ಚಿಗೆ ತಂದವರೂ ಅವರೇ. ಅದೇ ಮಿಷನ್ನಿನ ಕಿಟ್ಟೆಲ್ ಬಂದದ್ದು 1853ರಲ್ಲಿ, ಅವರ ನಿಘಂಟು ಹೊರಬಂದದ್ದು 1894ರಲ್ಲಿ. ಅವರು ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಪದ್ಯವಾಗಿ ಬರೆದದ್ದೂ ಉಂಟು, ನಾಗವರ್ಮನ ಛಂದಶ್ಶಾಸ್ತ್ರವನ್ನು ಸಂಪಾದಿಸಿದ್ದೂ ಉಂಟು. ಸುವಾರ್ತೆ ಸಾರಲು ಬಂದವರು ಷಟ್ಪದಿಯ ಮಾತ್ರೆ ಎಣಿಸುತ್ತ ಕೂತದ್ದು ಯಾಕೆಂದು ನಿಮ್ಮ ಮಗಳು ಯೋಚಿಸಬೇಕು. ಜನರ ಹಾಡು ತಿಳಿಯದೆ ಜನರಿಗೆ ದೇವರ ಮಾತು ಹೇಳಲಾಗದು ಎಂಬುದನ್ನು ಅವರು ಅರಿತಿದ್ದರು.

ಹಾಗಿರುವಾಗ ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಇಂಗ್ಲಿಷ್ ಪುಸ್ತಕಗಳ ನೋಟ್ಸ್ ಬರೆದು, ಪರೀಕ್ಷೆಗೆ ಉರುಹೊಡೆದು, ಭಾನುವಾರ ಅದೇ ನೋಟ್ಸನ್ನು ಅರ್ಧಂಬರ್ಧ ಕನ್ನಡದಲ್ಲಿ ಪ್ರಸಂಗವಾಗಿ ಓದುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಪ್ರತಿ ವಾರ ಒಂದು ಪಾಠವನ್ನಾದರೂ ಕಾಗದವಿಲ್ಲದೆ, ಅಡುಗೆಮನೆಯಲ್ಲಿ ಅಜ್ಜಿಗೆ ಹೇಳುವ ಕುಂದಾಪ್ರ ಮಾತಿನಲ್ಲಿ ಹೇಳಿಸಬೇಕು. ಕೃಪೆ, ನೀತಿ, ವಿಮೋಚನೆ ಎಂಬ ಮಾತುಗಳನ್ನು ಬಳಸದೆಯೇ ಅವುಗಳ ಸಾರವನ್ನು ದಾಟಿಸಲು ಬಂದರೆ ಅವಳಿಗೆ ಅದು ಅರ್ಥವಾಗಿದೆ ಎಂದು ತಿಳಿಯಬಹುದು.

ಇನ್ನು ಸಭೆಯ ಚರಿತ್ರೆ. ಇದು ತೇದಿಗಳ ಪಟ್ಟಿ ಎಂದುಕೊಂಡು ಹುಡುಗರು ಆಕಳಿಸುವ ವಿಷಯ. ನನಗೋ ಇದರಷ್ಟು ಹತ್ತಿರದ ಪಾಠ ಇನ್ನೊಂದಿಲ್ಲ. ಕ್ರಿ.ಶ. 451ರ ಕಾಲ್ಸಿಡನ್ ಸಭೆ ಎಂದು ಪುಸ್ತಕದಲ್ಲಿ ಬರುತ್ತದೆ. ಕ್ರಿಸ್ತನ ದೈವತ್ವ ಮತ್ತು ಮನುಷ್ಯತ್ವ ಎರಡನ್ನೂ ಹೇಗೆ ಹೇಳಬೇಕೆಂಬ ವಿವಾದದಲ್ಲಿ ಪೂರ್ವದ ಹಲವು ಸಭೆಗಳು ಆ ತೀರ್ಮಾನವನ್ನು ಒಪ್ಪದೆ ಬೇರೆಯಾದವು. ಯಾವುದೋ ದೂರದ ದೇಶದ ಜಗಳ ಅನ್ನಿಸುತ್ತದೆ. ಆದರೆ ಆ ಸಭೆಗಳ ಪರಂಪರೆಗೆ ಸೇರಿದ ಸಂತ ಮೇರಿ ಆರ್ಥೊಡಾಕ್ಸ್ ಸಿರಿಯನ್ ಕಥೀಡ್ರಲ್ ಇರುವುದು ನಮ್ಮ ಬ್ರಹ್ಮಾವರದಲ್ಲೇ! ಅಲ್ಲಿನ ಜನ ಕೇರಳದಿಂದ ಬಂದವರೂ ಅಲ್ಲ, ಕೊಂಕಣಿ ಮಾತಾಡುವ ನಮ್ಮ ನೆರೆಯವರು. ಪೋರ್ಚುಗೀಸ್ ದೊರೆಯ ಆಶ್ರಯದ ಗೋವೆಯ ಪಾದ್ರೊಆದೊ ಅಧಿಕಾರ ಒಂದು ಕಡೆ, ರೋಮಿನ ಪ್ರೊಪಗಾಂಡ ಅಧಿಕಾರ ಇನ್ನೊಂದು ಕಡೆ ಎಂಬ ಹಗ್ಗಜಗ್ಗಾಟದಿಂದ ಬೇಸತ್ತ ಕೆಲವು ಕ್ಯಾಥೊಲಿಕ್ ಕುಟುಂಬಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗೋವೆಯ ಪಾದ್ರಿ ಅಲ್ವಾರಿಸ್ ಅವರ ಬೆನ್ನಿಗೆ ನಿಂತವು. ಅಲ್ವಾರಿಸ್ 1889ರಲ್ಲಿ ಕೊಟ್ಟಾಯಂನಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಬಿಷಪರಾದರು. ಬಡವರ, ರೋಗಿಗಳ ನಡುವೆ ಬದುಕಿ 1923ರಲ್ಲಿ ಗೋವೆಯಲ್ಲಿ ತೀರಿಕೊಂಡರು. ಇಲ್ಲಿ ಬ್ರಹ್ಮಾವರದಲ್ಲಿ ರೋಕಿ ಜೆಫ್ರಿನ್ ನೊರೊನ್ಹಾ ಪಾದ್ರಿಗಳು 1936ರಲ್ಲಿ ಕಣ್ಣುಮುಚ್ಚುವವರೆಗೆ ಆ ಸಮುದಾಯವನ್ನು ಹಿಡಿದು ನಿಲ್ಲಿಸಿದರು. ಸಿರಿಯನ್ ಪರಂಪರೆಯ ಪೂಜೆ ಅಲ್ಲಿ ಕೊಂಕಣಿಯಲ್ಲಿ ನಡೆಯುತ್ತ ಬಂದಿದೆ. 2010ರಲ್ಲಿ ಬ್ರಹ್ಮಾವರವೇ ಒಂದು ಧರ್ಮಪ್ರಾಂತವಾಯಿತು.

ಒಂದೇ ಊರಿನಲ್ಲಿ ಅಷ್ಟು ಚರಿತ್ರೆ. ಪಕ್ಕದ ಕಲ್ಯಾಣಪುರದಲ್ಲಿ ಮಿಲಾಗ್ರಿಸ್ ಇಗರ್ಜಿ, ಕುಂದಾಪುರದಲ್ಲಿ 1570ರಿಂದ ಬಂದ ರೋಸರಿ ಮಾತೆಯ ಇಗರ್ಜಿ, ಬಸ್ರೂರಿನಲ್ಲಿ ಬಾಸೆಲ್ ಮಿಷನ್ನಿನ ಹಳೆಯ ಠಾಣೆ, ಹೊಸದಾಗಿ ಎದ್ದಿರುವ ಪೆಂತೆಕೊಸ್ತ ಸಭೆಗಳು. ಪ್ರೊಟೆಸ್ಟಂಟ್ ದೇವಶಾಸ್ತ್ರ ಓದುವವಳು ಲೂಥರ್ 1517ರಲ್ಲಿ ಏನು ಮಾಡಿದ, ಕಾಲ್ವಿನ್ ಏನು ಬರೆದ ಎಂಬುದನ್ನು ಚೆನ್ನಾಗಿಯೇ ಕಲಿಯಬೇಕು. ಕೃಪೆಯಿಂದ, ನಂಬಿಕೆಯ ಮೂಲಕ ಎಂಬ ಮಾತು ನಮ್ಮ ಬೆನ್ನೆಲುಬು, ಅದರಲ್ಲಿ ರಾಜಿ ಬೇಡ. ಆದರೆ ನೆರೆಯ ಇಗರ್ಜಿಯ ಹೆಂಗಸು ಜಪಮಾಲೆ ಹಿಡಿದು ಏನು ಪ್ರಾರ್ಥಿಸುತ್ತಾಳೆ, ಸಿರಿಯನ್ ಪೂಜೆಯಲ್ಲಿ ಧೂಪವೇಕೆ, ಪೆಂತೆಕೊಸ್ತಿನವರ ಕಣ್ಣೀರಿನ ಹಿಂದೆ ಯಾವ ಹಸಿವಿದೆ ಎಂಬುದನ್ನು ಅವರು ಒಪ್ಪುವ ಹಾಗೆ ಹೇಳಲು ಬಾರದವಳಿಗೆ ತನ್ನ ಸಭೆಯ ಬಗೆಗೂ ಪೂರ್ತಿ ತಿಳಿದಿಲ್ಲ ಎಂದೇ ನನ್ನ ಎಣಿಕೆ. ನಮ್ಮ ಕಡೆಯ ತಾಳಮದ್ದಲೆಯಲ್ಲಿ ಒಳ್ಳೆಯ ಅರ್ಥಧಾರಿ ಇವತ್ತು ಕರ್ಣನ ಪರವಾಗಿ ವಾದ ಕಟ್ಟಿ ಸಭೆಯ ಕಣ್ಣು ಒದ್ದೆ ಮಾಡುತ್ತಾನೆ, ನಾಳೆ ಕೃಷ್ಣನಾಗಿ ಅದೇ ಕರ್ಣನನ್ನು ನಿರುತ್ತರಗೊಳಿಸುತ್ತಾನೆ. ದೇವಶಾಸ್ತ್ರದ ತರಗತಿಯೂ ಹಾಗಿರಬೇಕು. ಕ್ರಿಸ್ತನೂ ಸೃಷ್ಟಿಯಾದವನೇ ಎಂದ ಆರಿಯಸನ ವಾದವನ್ನು ಆರಿಯಸನೇ ಮೆಚ್ಚುವಂತೆ ಮಂಡಿಸಿದ ಮೇಲೆಯೇ ಅದಕ್ಕೆ ನೈಸಿಯಾ ಸಭೆ ಕೊಟ್ಟ ಉತ್ತರಕ್ಕೆ ಹೋಗಬೇಕು.

ಪಠ್ಯಪಟ್ಟಿಯಲ್ಲಿ ಇರಲಿ ಇಲ್ಲದಿರಲಿ, ಅವಳು ಹೊರಡುವ ಮೊದಲೇ ಓದಬೇಕಾದ ಒಂದು ಪುಸ್ತಕವನ್ನು ಹೇಳುತ್ತೇನೆ. ಕೋಟದ ಶಿವರಾಮ ಕಾರಂತರು 1933ರಲ್ಲಿ ಬರೆದ ಚೋಮನ ದುಡಿ. ತುಂಡು ಭೂಮಿಯಲ್ಲಿ ತಾನೇ ಬೇಸಾಯ ಮಾಡಬೇಕೆಂಬುದು ಚೋಮನ ಆಸೆ, ಅವನ ಜಾತಿಗೆ ಅದು ನಿಷಿದ್ಧ. ಮಗನೊಬ್ಬ ಕ್ರೈಸ್ತನಾಗುತ್ತಾನೆ. ಕ್ರೈಸ್ತನಾದರೆ ಭೂಮಿ ಸಿಗುತ್ತದೆ ಎಂದು ಚೋಮನೂ ಹೊರಡುತ್ತಾನೆ, ಆದರೆ ನಂಬಿದ ಪಂಜುರ್ಲಿ ಭೂತವನ್ನು ಬಿಡಲಾಗದೆ ಅರ್ಧದಾರಿಯಿಂದ ಹಿಂತಿರುಗುತ್ತಾನೆ. ಮತಾಂತರದ ಬಗ್ಗೆ ಪರ ವಿರೋಧ ಕೂಗುವವರು ಇದನ್ನು ಓದಿದರೆ ಸ್ವಲ್ಪ ಹೊತ್ತು ಸುಮ್ಮನಾದಾರು. ಇದರ ಜೊತೆಗೆ ಮಂಗಳೂರಿನ ಇನ್ನೊಂದು ಬದುಕನ್ನು ಇಟ್ಟು ನೋಡಬೇಕು. ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದರು, ಊರಿಗೆ ಊರೇ ಎದ್ದಿತು. ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಮರಳಿ ಬಂದು ಇದೇ ಸೆಮಿನರಿಯಲ್ಲಿ ಪಾಠ ಹೇಳಿದರು. ಓದಿದ ಮನೆತನದ ಯುವಕ ವಿಚಾರ ಮಾಡಿ ಹೆಜ್ಜೆ ಇಡುತ್ತಾನೆ, ಹೊಲವಿಲ್ಲದ ಆಳು ಹೊಲಕ್ಕಾಗಿ ಹೆಜ್ಜೆ ಎತ್ತಿ ಹಿಂತೆಗೆಯುತ್ತಾನೆ. ಮೊದಲನೆಯದು ಮಾತ್ರ ಶುದ್ಧ, ಎರಡನೆಯದು ಆಸೆ ಎಂದು ತೀರ್ಪು ಕೊಡುವುದು ಸುಲಭ. ನಾನು ಹಾಗೆ ತಿಳಿಯುವುದಿಲ್ಲ. ಹೊಲ ಕೇಳುವುದೂ ಮಾನ ಕೇಳುವುದೇ. ಇಸ್ರಾಯೇಲರು ಐಗುಪ್ತದಲ್ಲಿ ಕೂಗಿದಾಗ ಕೇಳಿದ್ದೂ ಅದನ್ನೇ ತಾನೇ?

ಅಲ್ಲಿಂದ ಮುಂದೆ ಓದು ಕಾನೂನಿಗೂ ಹೋಗಬೇಕು. ಸಂವಿಧಾನದ 25ನೆಯ ವಿಧಿಯನ್ನೂ, ಪ್ರಚಾರದ ಹಕ್ಕಿನಲ್ಲಿ ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದ್ದನ್ನೂ ಅವಳು ಮೂಲದಲ್ಲೇ ಓದಲಿ. ಕ್ರೈಸ್ತರಾದ ದಲಿತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟ 1950ರ ಆದೇಶವನ್ನು, ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಿದ 2000ದ ಕಾಯ್ದೆಯನ್ನು ಓದಲಿ. ಹಾಗೆ ಓದಿದವಳು ತನ್ನ ಸಭೆಯ ಒಳಗೂ ಕಣ್ಣು ಹಾಯಿಸಬೇಕು. ಮದುವೆ ಸಂಬಂಧ ಕುದುರಿಸುವಾಗ ನಮ್ಮವರೇ ಹಳೆಯ ಜಾತಿ ವಿಚಾರಿಸುವುದಿಲ್ಲವೇ? ಅದನ್ನು ಪ್ರಸಂಗಪೀಠದಿಂದ ಹೆಸರಿಟ್ಟು ಹೇಳುವ ಧೈರ್ಯವೂ ಕಲಿಕೆಯ ಭಾಗವೇ.

ನೆರೆಯವರ ಧರ್ಮದ ಪಾಠವನ್ನು ನಿಮ್ಮ ಊರಲ್ಲೇ ಕಲಿಯಬಹುದು. ಕೊಲ್ಲೂರಿನ ಮೂಕಾಂಬಿಕೆಯ ದರ್ಶನಕ್ಕೆ ಹೊರಟವರು ನಿಮ್ಮ ಬೈಂದೂರು ನಿಲ್ದಾಣದಲ್ಲೇ ರೈಲಿನಿಂದ ಇಳಿಯುತ್ತಾರೆ. ಮಾರಣಕಟ್ಟೆಗೆ ಹರಕೆ ಹೊತ್ತು ಹೋಗುವವರು ನಿಮ್ಮ ಅಂಗಡಿಯ ಗಿರಾಕಿಗಳು. ಅವರ ಭಕ್ತಿಯನ್ನು ಪುಸ್ತಕದ ಒಂದು ಅಧ್ಯಾಯವಾಗಿ ಮಾತ್ರ ಬಲ್ಲವಳು ಅವರ ನಡುವೆ ಬದುಕುವುದು ಹೇಗೆ? ಈ ದಾರಿಯಲ್ಲಿ ಮುಂದೆ ನಡೆದವರೊಬ್ಬರು ನಮ್ಮ ಜಿಲ್ಲೆಯವರೇ. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಬಲ್ಮಠದಲ್ಲಿ ಅಧ್ಯಾಪಕರಾಗಿದ್ದರು, ಆಮೇಲೆ ಬೆಂಗಳೂರು, ಸೆರಾಂಪುರ. 1971ರಲ್ಲಿ ಜಿನೀವಾದ ವಿಶ್ವ ಸಭೆಗಳ ಮಂಡಳಿ ಇತರ ಧರ್ಮಗಳ ಜನರೊಡನೆ ಸಂವಾದಕ್ಕೆಂದೇ ಒಂದು ವಿಭಾಗ ತೆರೆದಾಗ ಅದರ ಮೊದಲ ನಿರ್ದೇಶಕರಾದರು. ಅವರ ಎಲ್ಲ ತೀರ್ಮಾನಗಳನ್ನೂ ನಾನು ಒಪ್ಪುತ್ತೇನೆಂದಲ್ಲ. ಕ್ರಿಸ್ತನ ವಿಶೇಷತೆಯ ಬಗ್ಗೆ ಅವರು ಬರೆದ ಕೆಲವು ಪುಟಗಳ ಜೊತೆ ಈಗಲೂ ಮನಸ್ಸಿನಲ್ಲೇ ವಾದ ಮಾಡುತ್ತಿರುತ್ತೇನೆ. ಆದರೆ ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆಯಲ್ಲಿ ನೆರೆಯವನ ದೇವರ ಬಗ್ಗೆ ಸುಳ್ಳು ಹೇಳಬೇಡ ಎಂಬುದೂ ಅಡಗಿದೆ ಎಂಬುದನ್ನು ನಾನು ಅವರನ್ನು ಓದಿಯೇ ಮನಗಂಡದ್ದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ಬರೆಯಲು ಕಷ್ಟ.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯೊಂದಿಗೆ ಕಾಣೆಯಾದದ್ದು ನಿಮಗೂ ನೆನಪಿರುತ್ತದೆ. ಅವಶೇಷ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಕಡಲಿನಲ್ಲಿ. ನಡುವಿನ ಆ ತಿಂಗಳುಗಳಲ್ಲಿ ಆ ಮನೆಗಳವರು ಕಾಯುತ್ತಿದ್ದರು. ಸತ್ತಿದ್ದಾರೆ ಎಂದು ಅಳುವ ಹಾಗಿಲ್ಲ, ಬರುತ್ತಾರೆ ಎಂದು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಗಂಗೊಳ್ಳಿಯಲ್ಲಿ, ಉಪ್ಪುಂದದಲ್ಲಿ, ಶಿರೂರಿನಲ್ಲಿ ಕಡಲಿಗೆ ಹೋಗುವ ಯಾರ ಮನೆಗೂ ಇಂಥ ದಿನ ಬರಬಹುದು. ನೆರೆಮನೆಯವಳಾಗಿ ನಿಮ್ಮ ಮಗಳು ಅಂಥ ಮನೆಯ ಜಗಲಿಯಲ್ಲಿ ಕೂತಾಗ ಅವಳ ಗ್ರೀಕ್, ಕಾಲ್ಸಿಡನ್, ಕಾಲ್ವಿನ್ ಎಲ್ಲ ಎಲ್ಲಿರುತ್ತವೆ?

ಯೋಬನ ಪುಸ್ತಕದಲ್ಲಿ ಅವನ ಮೂವರು ಗೆಳೆಯರು ಮೊದಲು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂರುತ್ತಾರೆ. ಅಲ್ಲಿಯವರೆಗೆ ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಬಾಯಿ ತೆರೆದು, ನೀನು ಏನೋ ಪಾಪ ಮಾಡಿರಬೇಕು, ದೇವರು ನ್ಯಾಯವಂತ ಎಂದು ದೇವರ ಪರ ವಕಾಲತ್ತು ಶುರು ಮಾಡಿದಾಗ ಕೆಟ್ಟಿತು. ಕೊನೆಗೆ ದೇವರು ಮೆಚ್ಚಿದ್ದು ತನ್ನನ್ನು ಸಮರ್ಥಿಸಿದ ಆ ಗೆಳೆಯರನ್ನಲ್ಲ, ತನ್ನ ಮೇಲೆಯೇ ದೂರು ಹೇಳಿದ ಯೋಬನನ್ನು. ಇಷ್ಟು ವಿಚಿತ್ರವಾದ ಪುಸ್ತಕ ನಮ್ಮ ಸತ್ಯವೇದದಲ್ಲೇ ಇದೆ ಎಂಬುದನ್ನು ಅವಳು ತರಗತಿಯಲ್ಲಿ ಪದಪದವಾಗಿ ಬಿಡಿಸಿ ಓದಿರಬೇಕು. ಓದಿದ್ದರೆ, ಆ ಜಗಲಿಯಲ್ಲಿ "ದೇವರ ಚಿತ್ತ" ಎಂಬ ಮಾತು ತುಟಿಯವರೆಗೆ ಬಂದದ್ದು ಅಲ್ಲೇ ನಿಲ್ಲುತ್ತದೆ. ಅವಳು ಎದ್ದು ಒಳಗೆ ಹೋಗಿ ಗಂಜಿಗೆ ನೀರಿಡುತ್ತಾಳೆ. ಅಲ್ಲಿಯೇ ರಾತ್ರಿ ಉಳಿಯುತ್ತಾಳೆ. ಅಳುವ ಕೀರ್ತನೆಗಳು, ದೇವರನ್ನು ಎಷ್ಟರವರೆಗೆ ಎಂದು ಕೇಳುವ ಕೀರ್ತನೆಗಳು ಎಷ್ಟಿವೆ ಎಂಬುದು ಆಗ ಅವಳ ನೆರವಿಗೆ ಬರುತ್ತದೆ. ದುಃಖದಲ್ಲಿರುವವರ ಪರವಾಗಿ ಅವಳು ಅಂಥ ಪ್ರಾರ್ಥನೆಯನ್ನೇ ಮಾಡಬಲ್ಲಳು. ಈ ಸಂಯಮ ಹುಟ್ಟಿನಿಂದ ಬರುವುದಿಲ್ಲ, ನಿಧಾನವಾದ ಓದಿನಿಂದ ಬರುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಗ್ರಂಥದ ಒಂದು ವಾಕ್ಯವನ್ನು ಅವಸರದಿಂದ ಮುಗಿಸದವಳು ಮನುಷ್ಯರ ನೋವನ್ನೂ ಅವಸರದಿಂದ ಮುಗಿಸುವುದಿಲ್ಲ.

ಉಳಿದವು ಬೇಗ ಹೇಳಿಬಿಡುತ್ತೇನೆ. ಸಭೆಯ ಲೆಕ್ಕಪುಸ್ತಕ ಓದಲು, ಬ್ಯಾಲೆನ್ಸ್ ಶೀಟ್ ಅರ್ಥಮಾಡಿಕೊಳ್ಳಲು ಬರಬೇಕು, ಆಸ್ತಿಯ ತಕರಾರುಗಳು ಎಷ್ಟೋ ಸಭೆಗಳನ್ನು ಒಡೆದಿವೆ. ಮರಣ, ಮದುವೆ, ದೀಕ್ಷಾಸ್ನಾನದ ದಾಖಲೆ ಬರೆಯುವ ಶಿಸ್ತು ಬೇಕು. ಕುಡಿತದಿಂದ ಒಡೆದ ಮನೆಗೆ ಯಾವಾಗ ತಾನು ಸಾಲದು, ವೈದ್ಯರ ಬಳಿಗೇ ಕಳಿಸಬೇಕು ಎಂಬ ಅರಿವು ಬೇಕು. ಹಾಡು ಬರದಿದ್ದರೂ ಪರವಾಗಿಲ್ಲ, ಶ್ರುತಿ ಹಿಡಿಯುವ ಒಬ್ಬರನ್ನು ಸಭೆಯಲ್ಲಿ ಗುರುತಿಸಿಕೊಂಡರಾಯಿತು.

ಹೆಣ್ಣುಮಗಳು, ನಾಳೆ ಅವಳಿಗೆ ಪೀಠ ಕೊಡುತ್ತಾರೆಯೇ ಎಂದು ಅವಳ ತಾಯಿ ಕೇಳಿದ್ದಾರೆ. ನಮ್ಮ ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್‌ಐ) ಮಹಿಳೆಯರ ದೀಕ್ಷೆ 1976ರಿಂದಲೂ ಇದೆ. 2013ರಲ್ಲಿ ನಂದ್ಯಾಲದಲ್ಲಿ ಇ. ಪುಷ್ಪಲಲಿತಾ ಬಿಷಪರಾದರು. ದಾರಿ ತೆರೆದಿದೆ, ಆದರೆ ಮೆತ್ತಗಿಲ್ಲ. ಮೊದಲ ಸಭೆಗೆ ಹೋದಾಗ ಕೆಲವರು ಅವಳ ಕೈಯಿಂದ ಕರ್ತರ ಭೋಜನ ತೆಗೆದುಕೊಳ್ಳಲು ಹಿಂದೇಟು ಹಾಕಿಯಾರು. ಅದನ್ನು ಈಗಲೇ ಅವಳಿಗೆ ಹೇಳಿಡಿ. ಸಮಾಧಿಯ ಸುದ್ದಿಯನ್ನು ದೇವರು ಮೊದಲು ಯಾರ ಕೈಗೆ ಕೊಟ್ಟನೆಂಬುದನ್ನು ಅವಳು ಅವರಿಗೆ ಓದಿ ಹೇಳಬಲ್ಲಳು.

ನಿಮ್ಮ ಜಾಗದಲ್ಲಿ ನಾನಿದ್ದರೆ ಅವಳನ್ನು ಕಳಿಸುತ್ತಿದ್ದೆ. ಸಭಾಪ್ರಾಂತದ ಶಿಫಾರಸು ಬೇಕಾಗುತ್ತದೆ, ನಿಮ್ಮ ಸಭಾಪಾಲಕರನ್ನು ಈ ವಾರವೇ ಕಂಡು ಮಾತಾಡಿ, ಕೊನೆಯ ಗಳಿಗೆಗೆ ಇಡಬೇಡಿ. ಅರ್ಜಿ ಹಾಕುವ ಮೊದಲು ಅವಳನ್ನು ಒಂದು ದಿನ ಬಲ್ಮಠಕ್ಕೆ ಕರೆದುಕೊಂಡು ಹೋಗಿ, ಬಾಸೆಲ್ ಮಿಷನ್ ಕಾಲದ ಪುಸ್ತಕ, ಕಾಗದಪತ್ರಗಳನ್ನು ಕಾಪಾಡಿಟ್ಟಿರುವ ಗ್ರಂಥಭಂಡಾರವನ್ನು ಕೇಳಿ ನೋಡಿ ಬನ್ನಿ. ಮರಳುವಾಗ ಬ್ರಹ್ಮಾವರದಲ್ಲಿ ಬಸ್ಸಿಳಿಯಿರಿ, ಊಟಕ್ಕೆ ಇಲ್ಲಿಗೇ ಬನ್ನಿ. ಗ್ರೀಕ್ ಅಕ್ಷರಮಾಲೆ ಕಲಿಸುವ ಸಣ್ಣ ಪುಸ್ತಕವೊಂದು ನನ್ನ ಬಳಿ ಇದೆ, ಅದನ್ನೂ ಚೋಮನ ದುಡಿಯ ಪ್ರತಿಯನ್ನೂ ಅವಳಿಗಾಗಿ ತೆಗೆದಿಟ್ಟಿದ್ದೇನೆ.

ನಿಮ್ಮ,
ಬ್ರಹ್ಮಾವರದ ಮಿತ್ರ